ಹ್ಯಾಂಡಲ್ ಕೈಗೆ ಎಟುಕಲಿ, ಕಾಲು ನೆಲಕ್ಕೆ ಸಿಗಲಿ

ರಾಜ್ಯದ ಸಾರಿಗೆ ಸಚಿವರಿಗೆ, ಸಾರಿಗೆ ಆಯುಕ್ತರಿಗೆ, ದೇವನಹಳ್ಳಿ ಮತ್ತು ನೆಲಮಂಗಲ ಸಾರಿಗೆ ಕಚೇರಿಗಳ ಅಧಿಕಾರಿಗಳಿಗೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದ್ವಿಚಕ್ರ ವಾಹನ ಮಾರಾಟಗಾರರೆಲ್ಲರಿಗೆ ಒಂದು ಬಹಿರಂಗ ಪತ್ರ.

ಮಾನ್ಯರೇ,

ನಾನು ದೊಡ್ಡಬಳ್ಳಾಪುರದಲ್ಲಿ ಬೈಕು, ಸ್ಕೂಟರ್ ರಿಪೇರಿ ಮಾಡುವವನು. ರಸ್ತೆ ಗುಂಡಿಯ ಬಗ್ಗೆ, ಪೆಟ್ರೋಲ್ ದರದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ದೂರು ಬೇರೆ. ನಮ್ಮ ಜಿಲ್ಲೆಯಲ್ಲಿ ಒಂದು ಹೊಸ ಗಾಡಿ ಷೋರೂಮಿಗೆ ಬಂದು, ಸಾಲ ಮಂಜೂರಾಗಿ, ನೋಂದಣಿಯಾಗಿ, ಪೂಜೆಯಾಗಿ, ಓಡಿಸುವವರ ಕೈ ಸೇರುವ ತನಕ ಒಬ್ಬರಾದರೂ "ಹ್ಯಾಂಡಲ್ ಕೈಗೆ ಸಿಗುತ್ತಾ? ಕಾಲು ನೆಲಕ್ಕೆ ಊರುತ್ತಾ? ಬ್ರೇಕ್ ಬೆರಳಿಗೆ ಎಟುಕುತ್ತಾ?" ಎಂದು ಕೇಳುವುದಿಲ್ಲ. ಬಣ್ಣ ಯಾವುದು ಬೇಕು ಎಂದು ಕೇಳುತ್ತಾರೆ, ಕಂತು ಎಷ್ಟು ತಿಂಗಳಿಗೆ ಬೇಕು ಎಂದು ಕೇಳುತ್ತಾರೆ. ಮೈಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಯಾರ ಜವಾಬ್ದಾರಿಯಲ್ಲೂ ಇಲ್ಲ. ಆಮೇಲೆ ನೋವು ಶುರುವಾಗಿ ನಮ್ಮಂಥವರ ಗ್ಯಾರೇಜಿಗೆ ಬಂದು "ಸ್ವಲ್ಪ ಹೊಂದಿಸಿಕೊಡಿ" ಎಂದರೆ, ಅರ್ಧಕ್ಕರ್ಧ ಮೆಕ್ಯಾನಿಕರು "ಬೇಡಪ್ಪ, ಆರ್‌ಟಿಒದವರು ಹಿಡೀತಾರೆ, ಇನ್ಶೂರೆನ್ಸ್ ಸಿಗಲ್ಲ" ಎಂದು ಹೆದರಿ ವಾಪಸ್ ಕಳಿಸುತ್ತಾರೆ. ಈ ಎರಡು ಸಂಗತಿಗಳ ನಡುವೆ ಸಿಕ್ಕಿಕೊಂಡ ಸಾವಿರಾರು ಜನರ ಪರವಾಗಿ ಈ ಪತ್ರ.

ಇದು ಸಣ್ಣ ವಿಷಯ ಎಂದು ನಿಮಗೆ ಅನ್ನಿಸಬಾರದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಲೆಕ್ಕ. ಇಷ್ಟೂ ಸಾವು ಹ್ಯಾಂಡಲ್ ಸರಿಯಿಲ್ಲದೆ ಆದವು ಎಂದು ನಾನು ಹೇಳುವುದಿಲ್ಲ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಅರ್ಧ ಸೆಕೆಂಡಿಗೆ ಸುಮಾರು 7 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಲಿವರ್ ಸಣ್ಣ ಕೈಗೆ ದೂರವಾಗಿದ್ದು, ಅದನ್ನು ಹುಡುಕಿ ಹಿಡಿಯಲು ಆ ಅರ್ಧ ಸೆಕೆಂಡ್ ಹೋದರೆ, ಎದುರಿಗೆ ಅಡ್ಡ ಬಂದ ಟಿಪ್ಪರ್‌ಗೂ ನಮಗೂ ನಡುವೆ ಉಳಿಯಬೇಕಾದ 7 ಮೀಟರ್ ಹೋಯಿತು. ಜೋಮು ಹಿಡಿದ ಕೈಗೆ, ಸೆಟೆದುಕೊಂಡ ಹೆಗಲಿಗೆ ಆ ಹೊತ್ತು ಇನ್ನೂ ಜಾಸ್ತಿ ಬೇಕು.

ನಮ್ಮ ಜಿಲ್ಲೆಯಲ್ಲಿ ಗಾಡಿ ಓಡಿಸುವವರು ಯಾರು ಎಂದು ಒಮ್ಮೆ ನೋಡಿ. ಬೆಳಗಿನ ಪಾಳಿಯ ಹೊತ್ತಿಗೆ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕಡೆಗೆ, ಅಪ್ಯಾರಲ್ ಪಾರ್ಕಿನ ಕಡೆಗೆ ತಿರುಗುವ ರಸ್ತೆಯಲ್ಲಿ ನಿಂತರೆ ಸಾಲು ಸಾಲು ಸ್ಕೂಟರ್‌ಗಳು, ಅದರಲ್ಲಿ ಬಹಳಷ್ಟು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ದೊಡ್ಡಬೆಳವಂಗಲದಿಂದ, ತೂಬಗೆರೆಯಿಂದ, ಸಾಸಲಿನಿಂದ ಬರುತ್ತಾರೆ. ನೆಲಮಂಗಲದ ಕಡೆ ಸೋಂಪುರ, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಹೋಗುವವರದ್ದೂ ಇದೇ ಸಾಲು. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ರಾತ್ರಿ ಪಾಳಿಗೂ ಬೈಕಿನಲ್ಲೇ ಹೋಗಿ ಬರುತ್ತಾರೆ. ಹೊಸಕೋಟೆಯಲ್ಲಿ ಗೋದಾಮುಗಳಿಂದ ಹೊರಡುವ ಡೆಲಿವರಿ ಹುಡುಗರು ಇಡೀ ದಿನ ಸೀಟಿನ ಮೇಲೇ ಇರುತ್ತಾರೆ. ಇವರ ಜೊತೆಗೆ ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹಾಲು ಒಯ್ಯುವ ರೈತರು, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡಿನ ಮೂಟೆ ಹೊರುವವರು, ಹೂವಿನ ಚೀಲ ಹೊರುವವರು. ಇವರಲ್ಲಿ ಯಾರೂ ಮಜಕ್ಕೆ ಗಾಡಿ ಹತ್ತಿದವರಲ್ಲ. ಹಳ್ಳಿಯಿಂದ ಪಾಳಿಯ ಹೊತ್ತಿಗೆ ಬಸ್ಸು ಇಲ್ಲದ್ದಕ್ಕೆ ಸಾಲ ಮಾಡಿ ಗಾಡಿ ತೆಗೆದುಕೊಂಡವರು.

ಇಷ್ಟೊಂದು ಬಗೆಯ ಮೈಗಳಿಗೆ ಕಂಪನಿಗಳು ಕೊಡುವುದು ಒಂದೇ ಅಳತೆ. ಹೀರೋ ಸ್ಪ್ಲೆಂಡರ್ ಪ್ಲಸ್‌ನ ಸೀಟಿನ ಎತ್ತರ 785 ಮಿಲಿಮೀಟರ್. ಹೋಂಡಾ ಶೈನ್ 125ರದ್ದು 791. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 805. ನಮ್ಮ ದೇಶದ ವಯಸ್ಕ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದಡಿಯ ಆಸುಪಾಸು. ಆ ಎತ್ತರದವರು ಸ್ಪ್ಲೆಂಡರ್ ಹತ್ತಿದರೆ ಎರಡೂ ಕಾಲು ತುದಿಬೆರಳಲ್ಲಿ ನಿಲ್ಲುತ್ತವೆ. ಗಂಡಸರಲ್ಲೂ ಗಿಡ್ಡ ಇರುವವರು, ಕೈ ಚಿಕ್ಕದಿರುವವರು ಎಷ್ಟೋ ಮಂದಿ. ಹೊಂದಿಸಿಕೊಳ್ಳುವ ಸೀಟು ಮಾಡಲು ಕಂಪನಿಗಳಿಗೆ ಬರುವುದಿಲ್ಲ ಎಂದಲ್ಲ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟನ್ನು 825ಕ್ಕೂ 845ಕ್ಕೂ ಇಟ್ಟುಕೊಳ್ಳಬಹುದು. ಟಿವಿಎಸ್ ಅಪಾಚೆ ಆರ್‌ಟಿಆರ್ 200ರಲ್ಲಿ ಕ್ಲಚ್ಚು, ಬ್ರೇಕಿನ ಲಿವರ್‌ಗಳನ್ನು ಬೆರಳಿನ ಉದ್ದಕ್ಕೆ ತಕ್ಕಂತೆ ಹತ್ತಿರ ದೂರ ಮಾಡಿಕೊಳ್ಳುವ ತಿರುಪು ಇದೆ. ದುಬಾರಿ ಗಾಡಿ ಕೊಂಡವರ ಬೆರಳಿಗೆ ಸಿಗುವ ಈ ಸೌಕರ್ಯ ನೂರು ಸಿಸಿ ಗಾಡಿಯಲ್ಲಿ ದಿನವೂ ಪಾಳಿಗೆ ಹೋಗುವ ಹೆಣ್ಣುಮಗಳ ಬೆರಳಿಗೆ ಯಾಕೆ ಸಿಗುವುದಿಲ್ಲ?

ದೊಡ್ಡಬಳ್ಳಾಪುರ ನೇಕಾರರ ಊರು. ಗುಂಡಿ ಮಗ್ಗ ಹಾಕುವಾಗ ಹಿರಿಯರು ನೇಯುವವನ ಕಾಲಿನ ಉದ್ದ ನೋಡಿ ಗುಂಡಿ ತೋಡುತ್ತಿದ್ದರು. ಅಪ್ಪನ ಗುಂಡಿ ಮಗನಿಗೆ ಆಳವಾದರೆ ಮಣ್ಣು ತುಂಬಿ ಸರಿಮಾಡಿಕೊಡುತ್ತಿದ್ದರು. ಲಕ್ಷ ರೂಪಾಯಿ ಕೊಟ್ಟು ಕೊಂಡ ಯಂತ್ರಕ್ಕೂ ಅಷ್ಟು ಕಾಳಜಿ ಬೇಕು ಎಂದು ಕೇಳುವುದು ಅತಿಯೇನಲ್ಲ.

ನನ್ನ ಗ್ಯಾರೇಜಿಗೆ ಬರುವವರು "ಹ್ಯಾಂಡಲ್ ಸರಿಯಿಲ್ಲ" ಎಂದು ಹೇಳಿಕೊಂಡು ಬರುವುದಿಲ್ಲ. ಚೈನ್ ಲೂಸಾಗಿದೆ ಎಂದು ಬರುತ್ತಾರೆ, ಆಯಿಲ್ ಬದಲಿಸಲು ಬರುತ್ತಾರೆ. ಮಾತಿನ ನಡುವೆ ಕೈ ಕೊಡವಿಕೊಳ್ಳುತ್ತಾರೆ. ಕೇಳಿದರೆ, "ಅರ್ಧ ಗಂಟೆ ಓಡಿಸಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡೀತವೆ" ಎನ್ನುತ್ತಾರೆ. ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಮೈಭಾರ ಬಿದ್ದರೆ ಹೀಗಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಸೈಕಲ್ ಸವಾರರಲ್ಲಿ ಇದು ಹಳೆಯ ಕಾಯಿಲೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಅದು ಇನ್ನೊಂದು ನರ, ಮಣಿಕಟ್ಟು ಮಡಿಚಿಕೊಂಡೇ ಇರುವುದರಿಂದ ಬರುವುದು. ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಇದೇ ಮಣಿಕಟ್ಟು ದುಡಿಸಿ ಬಂದವರಿಗೆ ಮನೆಗೆ ಹೋಗುವ ದಾರಿಯಲ್ಲೂ ಅದೇ ಪೆಟ್ಟು. ಸೊಂಟ ನೋವಂತೂ ಹೇಳುವುದೇ ಬೇಡ. ಎಲ್ಲರೂ ಅದನ್ನು ತಮ್ಮ ವಯಸ್ಸಿನ ಮೇಲೆ, ರಸ್ತೆ ಹಂಪುಗಳ ಮೇಲೆ ಹೊರಿಸಿ ಮಾತ್ರೆ ನುಂಗುತ್ತಾರೆ.

ಇದಕ್ಕೆ ಬೇಕಾದದ್ದು ಬಹಳ ಸಲ ಎರಡು ಸ್ಪ್ಯಾನರ್ ಮತ್ತು ಹದಿನೈದು ನಿಮಿಷ. ಅಧಿಕಾರಿಗಳಾದ ನಿಮಗೆ ಇದರ ವಿವರ ಗೊತ್ತಿರಲಿ ಎಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಸಾದಾ ಬೈಕಿನ ಹ್ಯಾಂಡಲ್ ಒಂದು ಬಾಗಿಸಿದ ಕೊಳವೆ; ಅದನ್ನು ಕ್ಲಾಂಪಿನ ಬೋಲ್ಟುಗಳು ಹಿಡಿದಿರುತ್ತವೆ. ಬೋಲ್ಟ್ ಸಡಿಲಿಸಿ ಕೊಳವೆಯನ್ನು ಒಂದಿಷ್ಟು ಹಿಂದಕ್ಕೆ ಹೊರಳಿಸಿದರೆ ಹಿಡಿಗಳು ಸವಾರರ ಕಡೆಗೆ ಬರುತ್ತವೆ. ಮೊಣಕೈ ಸ್ವಲ್ಪ ಬಾಗಿರಬೇಕು. ಪೂರ್ತಿ ನೆಟ್ಟಗಾದರೆ ರಸ್ತೆಯ ಪ್ರತಿ ಹೊಡೆತವೂ ಹೆಗಲಿಗೇ ಬಡಿಯುತ್ತದೆ. ಇನ್ನು ಲಿವರ್‌ಗಳು. ಎಷ್ಟೋ ಹೊಸ ಗಾಡಿಗಳಲ್ಲಿ ಅವು ನೆಲಕ್ಕೆ ಸಮವಾಗಿ ನಿಂತಿರುತ್ತವೆ. ಬೆನ್ನು ನೆಟ್ಟಗಿಟ್ಟು ಕೂತವರು ಅದರ ಮೇಲೆ ಬೆರಳಿಡಲು ಮಣಿಕಟ್ಟನ್ನು ಮೇಲಕ್ಕೆ ಮುರಿಯಬೇಕಾಗುತ್ತದೆ. ಲಿವರ್ ಹಿಡಿದಿರುವ ಪಟ್ಟಿಯ ಬೋಲ್ಟ್ ಸಡಿಲಿಸಿ ಕೆಳಕ್ಕೆ ಓರೆ ಮಾಡಿದರೆ ಮುಂಗೈ, ಮಣಿಕಟ್ಟು, ಬೆರಳು ಮೂರೂ ಒಂದೇ ಗೆರೆಗೆ ಬರುತ್ತವೆ. ಬೆರಳ ಜೋಮಿಗೆ ನಾನು ಮೊದಲು ಮಾಡುವುದು ಇದನ್ನೇ, ಮತ್ತು ಇಷ್ಟರಲ್ಲೇ ಎಷ್ಟೋ ಜನಕ್ಕೆ ಆರಾಮಾಗುತ್ತದೆ. ಕ್ಲಚ್ ಕೇಬಲ್ಲಿನ ಸಡಿಲವನ್ನು ಕಂಪನಿ ಹೇಳಿದ ಮಿತಿಯೊಳಗೆ, ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್, ಸರಿಯಾಗಿ ಇಟ್ಟರೆ ಚಿಕ್ಕ ಕೈಗೂ ಕ್ಲಚ್ ಸಿಗುತ್ತದೆ. ಗೇರ್ ಪೆಡಲ್ ಹಲ್ಲುಗಳಿರುವ ಕಡ್ಡಿಯ ಮೇಲೆ ಕೂತಿರುತ್ತದೆ. ಒಂದು ಹಲ್ಲು ಮೇಲೋ ಕೆಳಗೋ ಕೂರಿಸಿದರೆ ಪಾದ ಎತ್ತುವ ಕಷ್ಟ ತಪ್ಪುತ್ತದೆ. ಹಾಲಿನ ಕ್ಯಾನ್ ಹೇರಿದ ಗಾಡಿಯ ಹಿಂಬದಿ ಕುಸಿದು ಹ್ಯಾಂಡಲ್ ಮೇಲೆದ್ದಂತಾದಾಗ ಹಿಂದಿನ ಷಾಕ್ ಅಬ್ಸಾರ್ಬರ್‌ನ ಕೆಳಗಿರುವ ಮೆಟ್ಟಿಲಿನಂಥ ಉಂಗುರವನ್ನು ಎರಡು ಮೆಟ್ಟಿಲು ತಿರುಗಿಸಬೇಕು. ಹೀಗೆ ಮಾಡಿದರೆ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ. ಇದಕ್ಕೆ ಬೇಕಾದ ಕೊಕ್ಕೆಯ ಸ್ಪ್ಯಾನರ್ ಹಿಂದೆ ಟೂಲ್ ಕಿಟ್‌ನಲ್ಲೇ ಬರುತ್ತಿತ್ತು. ಈಗ ನನ್ನ ಮುಂದೆ ಬರುವ ಎಷ್ಟೋ ಹೊಸ ಗಾಡಿಗಳಲ್ಲಿ ಟೂಲ್ ಕಿಟ್ ತೆರೆದರೆ ಅದಿರುವುದಿಲ್ಲ.

ಸ್ಕೂಟರ್‌ಗಳ ಕಥೆ ಬೇರೆ. ಅಲ್ಲಿ ಹ್ಯಾಂಡಲ್ಲನ್ನು ನೇರವಾಗಿ ಕಂಬಕ್ಕೇ ಬಿಗಿದು ಮೇಲೆ ಪ್ಲಾಸ್ಟಿಕ್ ಮುಚ್ಚಿರುತ್ತಾರೆ, ಹೊರಳಿಸಲು ಬರುವುದಿಲ್ಲ. ಎತ್ತರದವರಿಗೆ ತಿರುವಿನಲ್ಲಿ ಮೊಣಕಾಲಿಗೆ ಹ್ಯಾಂಡಲ್ ತಾಗುತ್ತದೆ, ಗಿಡ್ಡಗಿರುವವರಿಗೆ ಸೀಟು ಅಗಲವಾಗಿ ಕಾಲು ನೆಲಕ್ಕೆ ಸಿಗುವುದಿಲ್ಲ. ಉಳಿದಿರುವುದು ಸೀಟೊಂದೇ.

ಸೀಟಿನ ವಿಷಯದಲ್ಲಿ ಆಗುವ ಅನಾಹುತವನ್ನು ನಾನು ಬಹಳ ನೋಡಿದ್ದೇನೆ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಣ್ಣುಮಗಳು ಸಿಗ್ನಲ್ಲಿನಲ್ಲಿ ಕಾಲು ಊರಲು ಹೋಗಿ, ಟಾರಿನ ಅಂಚಿನಿಂದ ಕೆಳಗಿದ್ದ ಮಣ್ಣಿಗೆ ಕಾಲು ಎಟುಕದೆ ಗಾಡಿ ಸಮೇತ ಮಗುಚಿಬಿದ್ದರು. ನಿಂತ ಗಾಡಿ ಅದು, ವೇಗವೇ ಇರಲಿಲ್ಲ. ಆದರೂ ಪಾದದ ಗಂಟು ಮುರಿದು ತಿಂಗಳುಗಟ್ಟಲೆ ಸಂಬಳ ಹೋಯಿತು. ವಾಸಿಯಾದ ಮೇಲೆ ಅವರ ಮನೆಯವರು ಸೀಟು ಅಂಗಡಿಯಲ್ಲಿ ಸ್ಪಂಜು ಕೊಯ್ಸಿ ಇಡೀ ಸೀಟನ್ನೇ ತಗ್ಗಿಸಿದರು. ಕಾಲು ನೆಲಕ್ಕೆ ಬಂತು. ಆದರೆ ಹಂಪು ಹತ್ತಿದಾಗಲೆಲ್ಲ ಸ್ಪಂಜಿನಡಿಯ ಪ್ಲಾಸ್ಟಿಕ್ ತಟ್ಟೆ ಬೆನ್ನುಮೂಳೆಯ ತುದಿಗೆ ಬಡಿಯತೊಡಗಿತು. ಆಮೇಲೆ ಅದನ್ನು ಮತ್ತೆ ಕಟ್ಟಿಸಿದೆವು: ಕೂರುವ ಜಾಗದ ದಪ್ಪವನ್ನು ಹಾಗೇ ಬಿಟ್ಟು, ಸೀಟಿನ ಮುಂಭಾಗದ ಎರಡು ಬದಿಗಳನ್ನು ಮಾತ್ರ ಕೊರೆದು ಕಿರಿದು ಮಾಡಿದೆವು. ತೊಡೆಗಳು ಅಗಲಕ್ಕೆ ಚಾಚುವುದು ತಪ್ಪಿದರೆ ಎತ್ತರ ಅಷ್ಟೇ ಇದ್ದರೂ ಕಾಲು ನೆಲಕ್ಕೆ ಬರುತ್ತದೆ. ಇದು ಎಲ್ಲ ಸೀಟು ಅಂಗಡಿಯವರಿಗೂ ತಿಳಿದಿರಬೇಕಾದ ಮಾತು. ಯಾರೂ ಹೇಳಿಕೊಟ್ಟಿಲ್ಲ. ರೆಕ್ಸಿನ್ ಹೊಲಿಯುವವರು ತಮ್ಮ ಅಂದಾಜಿನಲ್ಲಿ ಕೊಯ್ಯುತ್ತಾರೆ, ಪೆಟ್ಟು ತಿನ್ನುವುದು ಕೂರುವವರ ಸೊಂಟ.

ತಿಳಿಯದೆ ಮಾಡಿದರೆ ಹ್ಯಾಂಡಲ್ ಕೆಲಸವೂ ಅಪಾಯವೇ, ಅದನ್ನೂ ನಾನು ಮುಚ್ಚಿಡುವುದಿಲ್ಲ. ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿದಾಗ ಕೇಬಲ್ಲುಗಳ ಉದ್ದ ಸಾಲದೆ ಹೋದರೆ, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ ಕೂಡಲೇ ಆಕ್ಸಿಲರೇಟರ್ ಕೇಬಲ್ ತಾನಾಗಿಯೇ ಎಳೆದುಕೊಂಡು ಇಂಜಿನ್ ರೇಸ್ ಆಗುತ್ತದೆ. ಡಿಸ್ಕ್ ಬ್ರೇಕಿನ ಆಯಿಲ್ ಡಬ್ಬಿ ಹ್ಯಾಂಡಲ್ ಮೇಲೇ ಇರುವುದರಿಂದ ವಿಪರೀತ ಹೊರಳಿಸಿದರೆ ಅದು ವಾಲಿ, ಒಳಗೆ ಗಾಳಿ ಸೇರಿ ಬ್ರೇಕು ಕೈಕೊಡಬಹುದು. 2019ರ ಏಪ್ರಿಲ್‌ನಿಂದ ಹೊಸ ಸಣ್ಣ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಯಿತು; ಅದು ಬಂದ ಮೇಲಂತೂ ಬ್ರೇಕ್ ಪೆಡಲಿನ ಎತ್ತರ ಬದಲಿಸುವವರು ಮುಂದಿನ ಬ್ರೇಕಿಗೆ ಹೋಗುವ ಕೇಬಲ್ಲನ್ನೂ ನೋಡಬೇಕು. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಇಂಜಿನ್ ಚಾಲೂ ಇಟ್ಟು, ಕೇಬಲ್ಲೂ ಬ್ರೇಕ್ ಹೋಸೂ ಎಲ್ಲಿಯೂ ಬಿಗಿಯುವುದಿಲ್ಲ ಎಂದು ಪರೀಕ್ಷಿಸದೆ ಗಾಡಿಯನ್ನು ಹೊರಗೆ ಬಿಡಬಾರದು. ಈ ಕೆಲಸ ತರಬೇತಿ ಪಡೆದ ಕೈಯಲ್ಲಿ, ಬೆಳಕಿನಲ್ಲಿ, ಬಾಗಿಲು ತೆರೆದಿಟ್ಟು ಆಗಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕೇ. ಹೆದರಿಕೆಯಿಂದ ಒಳ್ಳೆಯ ಮೆಕ್ಯಾನಿಕರು ಕೈಬಿಟ್ಟರೆ ಜನ ಸುಮ್ಮನಿರುವುದಿಲ್ಲ. ಸುತ್ತಿಗೆಯಿಂದ ಬಡಿದು ಬಗ್ಗಿಸುವವರ ಹತ್ತಿರ ಹೋಗುತ್ತಾರೆ.

ಈಗ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಹೇಳುವುದನ್ನು ನಾನು ವಕೀಲರನ್ನು ಕೂರಿಸಿಕೊಂಡು ಓದಿಸಿ ತಿಳಿದಿದ್ದೇನೆ. ತಯಾರಕರು ಕೊಟ್ಟ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದು ಅದರ ತಿರುಳು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ 182-ಎ ಕಲಮನ್ನು ಬದಲಿಸಿ ಬರೆದು, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಎಂದಿತು. ಕಾನೂನು ಸರಿಯಾಗಿಯೇ ಇದೆ. ಗಾಡಿಯ ಇಂಜಿನ್ನು, ಚಾಸಿ, ಬಣ್ಣ ಬದಲಿಸಿ ಕಳ್ಳಮಾಲು ಓಡಾಡುವುದು ಹೀಗೆಯೇ ನಿಲ್ಲಬೇಕು. ಆದರೆ ನೋಂದಣಿ ಪತ್ರದಲ್ಲಿ ಇರುವುದೇನು? ಇಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಸಿಲಿಂಡರ್, ಸಿಸಿ, ಚಕ್ರಗಳ ನಡುವಿನ ಅಂತರ, ಎಷ್ಟು ಜನ ಕೂರಬಹುದು, ಖಾಲಿ ತೂಕ, ಬಣ್ಣ. ಕ್ಲಚ್ ಲಿವರ್ ಎಷ್ಟು ಡಿಗ್ರಿ ಓರೆಯಿದೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಕಂಪನಿಯೇ ಹೊಂದಿಸಲೆಂದು ಬೋಲ್ಟ್ ಇಟ್ಟ ಜಾಗದಲ್ಲಿ, ಕಂಪನಿಯೇ ಹೇಳಿದ ಮಿತಿಯೊಳಗೆ ಮಾಡುವ ಹೊಂದಾಣಿಕೆ ಮಾರ್ಪಾಡು ಆಗುವುದು ಹೇಗೆ?

ಈ ವ್ಯತ್ಯಾಸವನ್ನು ನಮ್ಮ ಜಿಲ್ಲೆಯ ಮೆಕ್ಯಾನಿಕರಿಗಾಗಲಿ, ರಸ್ತೆಯಲ್ಲಿ ನಿಂತು ತಪಾಸಣೆ ಮಾಡುವ ಪೊಲೀಸರಿಗಾಗಲಿ ಯಾರೂ ಸ್ಪಷ್ಟವಾಗಿ ಹೇಳಿಲ್ಲ. ನನ್ನ ಗಿರಾಕಿಯೊಬ್ಬರ ಬೈಕಿಗೆ ಹ್ಯಾಂಡಲ್ ಎತ್ತರ ಕಂಡಿತೆಂಬ ಕಾರಣಕ್ಕೆ ದಾರಿಯಲ್ಲಿ ನಿಲ್ಲಿಸಿ "ಮಾಡಿಫೈ ಮಾಡಿಸಿದ್ದೀಯಾ" ಎಂದು ಗದರಿಸಿದ್ದರು. ಹೊರಳಿಸಿದ್ದು ಕಂಪನಿಯದೇ ಹ್ಯಾಂಡಲ್. ಆ ಮನುಷ್ಯ ಮರುದಿನವೇ ಬಂದು ಹಳೆಯ ಸ್ಥಿತಿಗೇ ತಿರುಗಿಸಿಕೊಂಡು ಹೋದರು. ಈಗಲೂ ಅವರ ಕೈ ಜೋಮು ಹಿಡಿಯುತ್ತದೆ.

ಪೊಲೀಸರ ಕಷ್ಟವೂ ನನಗೆ ಗೊತ್ತು. ನಂದಿ ಬೆಟ್ಟದ ದಾರಿ, ವಿಮಾನ ನಿಲ್ದಾಣದ ರಸ್ತೆ, ಹೊಸಕೋಟೆಯ ಹೆದ್ದಾರಿ, ಎಲ್ಲ ಕಡೆ ವ್ಹೀಲಿಂಗ್ ಹುಚ್ಚು. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರ ಸ್ಕೂಟರ್‌ಗಳನ್ನು ಜನರೇ ಎತ್ತಿ ಕೆಳಕ್ಕೆಸೆದರು. ಜನರ ಸಹನೆ ಅಷ್ಟು ಕೆಟ್ಟುಹೋಗಿತ್ತು. ಕನ್ನಡಿ ಕಿತ್ತೆಸೆದು, ಸೈಲೆನ್ಸರ್ ಕೊಯ್ಸಿ, ನೆಲ ನೋಡುವಂತೆ ತಗ್ಗಿದ ಹ್ಯಾಂಡಲ್ ಹಾಕಿಸಿ ಓಡಾಡುವ ಹುಡುಗರ ಮೇಲೆ ಕಠಿಣ ಕ್ರಮ ಕೈಗೊಳ್ಳಿ. ಅಂಥ ಕೆಲಸ ನನ್ನ ಗ್ಯಾರೇಜಿನಲ್ಲಿ ಆಗುವುದಿಲ್ಲ, ಮಾಡುವವರನ್ನು ನಾನು ಸಮರ್ಥಿಸುವುದೂ ಇಲ್ಲ. ಸೀರೆ ಗಾರ್ಡು ಬಿಚ್ಚಿಸುವವರಿಗೂ ಇದೇ ಮಾತು: ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರವನ್ನು ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅಂದದ ಹೆಸರಲ್ಲಿ ಅದನ್ನು ತೆಗೆಸಿದ ಗಾಡಿಯ ಚಕ್ರಕ್ಕೆ ಹೆಣ್ಣುಮಕ್ಕಳ ಸೆರಗು ಸಿಕ್ಕಿಕೊಳ್ಳುತ್ತದೆ. ಆದರೆ ಕಿಡಿಗೇಡಿಗಳ ಜೊತೆಗೆ, ಬೆರಳ ಜೋಮಿಗೆ ಲಿವರ್ ಇಳಿಸಿಕೊಂಡ ಗಾರ್ಮೆಂಟ್ಸ್ ಕೆಲಸಗಾರ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಾಗಾಗಿ ನನ್ನ ಮೊದಲ ಬೇಡಿಕೆ ಒಂದು ಸುತ್ತೋಲೆ. ಕನ್ನಡದಲ್ಲಿ, ಒಂದೇ ಪುಟದಲ್ಲಿ, ಚಿತ್ರ ಸಮೇತ: ಇದು ಹೊಂದಾಣಿಕೆ, ಇದನ್ನು ಮಾಡಬಹುದು, ಇದು ಮಾರ್ಪಾಡು, ಇದಕ್ಕೆ ಅನುಮತಿ ಬೇಕು, ಇದು ಅಪರಾಧ. ರೈಸರ್, ಎತ್ತರದ ಬೇರೆ ಹ್ಯಾಂಡಲ್ ಮುಂತಾದವು ಯಾವ ಗುಂಪಿಗೆ ಸೇರುತ್ತವೆ ಎಂಬುದನ್ನು ನೀವೇ ತೀರ್ಮಾನಿಸಿ ಬರೆಯಿರಿ. ಕೂಡದು ಎಂದರೆ ಕೂಡದು ಎನ್ನಿ, ನಾವು ಪಾಲಿಸುತ್ತೇವೆ. ಏನೂ ಬರೆಯದೆ ಪ್ರತಿ ತಪಾಸಣೆಯವರ ಮನಸ್ಸಿಗೆ ಬಿಡುವುದೇ ಎಲ್ಲ ತೊಂದರೆಯ ಮೂಲ.

ಮಾರಾಟಗಾರರಲ್ಲಿ ಕೇಳುವುದು ಹದಿನೈದು ನಿಮಿಷ. ದ್ವಿಚಕ್ರ ವಾಹನ ಮಾರುವಾಗ ಹೆಲ್ಮೆಟ್ ಕೂಡ ಕೊಡಬೇಕೆಂದು ನಿಯಮವಿದೆ. ತಲೆಗೆ ಅಷ್ಟು ಗಮನ ಕೊಟ್ಟ ನಿಯಮವನ್ನು ಕೈಕಾಲಿಗೂ ವಿಸ್ತರಿಸಬಹುದು. ಗಾಡಿ ಕೀ ಕೊಡುವ ಮೊದಲು, ದಿನವೂ ಓಡಿಸುವವರು ಯಾರೋ ಅವರನ್ನೇ, ದುಡ್ಡು ಕಟ್ಟಿದ ಅಣ್ಣನನ್ನಲ್ಲ, ಸೀಟಿನ ಮೇಲೆ ಕೂರಿಸಿ. ಸ್ಟ್ಯಾಂಡ್ ತೆಗೆದು ಕಾಲು ಊರಿಸಿ ನೋಡಿ. ಲಿವರ್, ಪೆಡಲ್, ಕನ್ನಡಿ ಹೊಂದಿಸಿ, ಹೊಂದಿಸಿದ್ದನ್ನು ಸರ್ವಿಸ್ ಪುಸ್ತಕದಲ್ಲಿ ಬರೆದು ಸೀಲು ಹಾಕಿ. ಆ ಸೀಲು ಇದ್ದರೆ ರಸ್ತೆಯಲ್ಲಿ ಯಾರೂ ಗದರಿಸುವುದಿಲ್ಲ. ಯಾವ ರೀತಿ ಹೊಂದಿಸಿದರೂ ಆ ಗಾಡಿ ಅವರ ಮೈಗೆ ಸರಿಹೋಗದಿದ್ದರೆ, ಬೇರೆ ಮಾದರಿ ನೋಡಿ ಎಂದು ಹೇಳುವ ಪ್ರಾಮಾಣಿಕತೆಯೂ ಬೇಕು. ಗಾಡಿಯ ಜೊತೆ ಬರುವ ಕೈಪಿಡಿ ಕನ್ನಡದಲ್ಲಿ ಬೇಕು. ಇಂಗ್ಲಿಷ್ ಕೈಪಿಡಿ ಸೀಟಿನಡಿಯ ಚೀಲದಿಂದ ಹೊರಗೆ ಬರುವುದನ್ನು ನಾನು ನೋಡಿದ್ದು ಬಹಳ ಅಪರೂಪ.

ಸಾರಿಗೆ ಕಚೇರಿಗಳಿಗೆ ಇನ್ನೊಂದು ಮಾತು. ಚಾಲನಾ ಪರೀಕ್ಷೆಯ ಬಗ್ಗೆ ಹೇಳುವ, ಅದೇ ಕೇಂದ್ರ ನಿಯಮಗಳ 15ನೇ ನಿಯಮದಲ್ಲಿ ಅಭ್ಯರ್ಥಿ ಮೊಟ್ಟಮೊದಲು ತೋರಿಸಬೇಕಾದದ್ದು ಕನ್ನಡಿ ಹೊಂದಿಸಿಕೊಳ್ಳುವುದು, ಇಂಜಿನ್ ಶುರುಮಾಡುವ ಮುಂಚಿನ ಎಚ್ಚರಿಕೆಗಳನ್ನು ತೆಗೆದುಕೊಳ್ಳುವುದು. ನಿಯಮದಲ್ಲಿ ಇದು ಬಂದಾಗಿದೆ. ಎಂಟು ಹಾಕಿಸುವ ಮುನ್ನ "ಕೂತು ತೋರಿಸಿ, ಕಾಲು ಊರಿ ತೋರಿಸಿ, ಎರಡು ಬೆರಳಲ್ಲಿ ಬ್ರೇಕ್ ಹಿಡಿದು ತೋರಿಸಿ" ಎಂದು ಕೇಳಲು ಹೊಸ ಕಾಯ್ದೆ ಬೇಡ. ಕಲಿಯುವ ಹೊತ್ತಿನಲ್ಲೇ ಇದು ಬೇಕು ಎಂದು ತಿಳಿದವರು ಗಾಡಿ ಕೊಳ್ಳುವಾಗ ತಾವಾಗಿಯೇ ಕೇಳುತ್ತಾರೆ. ಜಿಲ್ಲೆಯ ಐಟಿಐಗಳಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ಮಕ್ಕಳಿಗೂ, ರಸ್ತೆ ಸುರಕ್ಷತಾ ಮಾಸದಲ್ಲಿ ನಮ್ಮಂಥ ಗ್ಯಾರೇಜಿನವರಿಗೂ, ಸೀಟು ಹೊಲಿಯುವವರಿಗೂ ಒಂದು ದಿನದ ತರಬೇತಿ ಕೊಡಿ. ಭಾಷಣ, ಹಾರ ಬೇಡ. ಒಂದು ಬೈಕು, ಒಂದು ಸ್ಕೂಟರ್, ಸ್ಪ್ಯಾನರ್ ಇಟ್ಟುಕೊಂಡು ಮಾಡಿ ತೋರಿಸುವ ತರಬೇತಿ.

ಅಂಗವಿಕಲರ ವಿಷಯ ಇದಕ್ಕಿಂತ ಗಂಭೀರ. ಸರ್ಕಾರ ಅವರಿಗೆ ಯಂತ್ರಚಾಲಿತ ವಾಹನ ಕೊಡುತ್ತದೆ, ಒಳ್ಳೆಯದು. ಆದರೆ ಎಡಗೈಯಲ್ಲಿ ಶಕ್ತಿಯಿಲ್ಲದವರಿಗೂ, ಬಲಗಾಲು ಮಡಿಚಲಾರದವರಿಗೂ ಒಂದೇ ಹ್ಯಾಂಡಲ್, ಒಂದೇ ಸೀಟು ಇದ್ದರೆ ಉಪಯೋಗವೇನು? 2019ರ ತಿದ್ದುಪಡಿಯೇ ಅಂಗವಿಕಲರಿಗಾಗಿ ವಾಹನವನ್ನು ಮಾರ್ಪಡಿಸಲು ನೋಂದಣಿ ಅಧಿಕಾರಿ ಅನುಮತಿ ಕೊಡಬಹುದು ಎಂದು ದಾರಿ ತೆರೆದಿಟ್ಟಿದೆ. ಆ ದಾರಿಯಿದೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ತಿಂಗಳಿಗೊಮ್ಮೆ ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ನಿಮ್ಮ ಇನ್‌ಸ್ಪೆಕ್ಟರ್ ಬಂದು ಸ್ಥಳದಲ್ಲೇ ನೋಡಿ ಅನುಮತಿ ಕೊಡುವಂತೆ ಮಾಡಿ. ಕಾಲಿಲ್ಲದವರನ್ನು ಅನುಮತಿಗಾಗಿ ಅಲೆದಾಡಿಸಬೇಡಿ.

ಓದುಗರಿಗೂ ಒಂದು ಮಾತು ಹೇಳಬೇಕು. ಕೈ ಜೋಮು ಹಿಡಿಯುವುದು, ಹೆಗಲು ಹಿಡಿದುಕೊಳ್ಳುವುದು ಬೈಕು ಓಡಿಸುವವರೆಲ್ಲ ಪಡೆದುಕೊಂಡು ಬಂದ ಹಣೆಬರಹವಲ್ಲ. ನಿಮ್ಮ ಮೆಕ್ಯಾನಿಕ್ ಹತ್ತಿರ ಹೋಗಿ, ನಿಮ್ಮ ಗಾಡಿಯ ಮೇಲೆ ನೀವೇ ಕೂತು, ಲಿವರ್ ಇಳಿಸಿಕೊಡಿ ಎಂದು ಕೇಳಿ. ಮಾಡಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ತೋರಿಸದೆ ಹೊರಡಬೇಡಿ.

ಮಾನ್ಯ ಸಚಿವರೇ, ಆಯುಕ್ತರೇ, ಮೇಲೆ ಕೇಳಿದ್ದೆಲ್ಲವೂ ಒಂದೇ ದಿನ ಆಗದಿರಬಹುದು. ಸುತ್ತೋಲೆ ಮಾತ್ರ ಆಗಬಲ್ಲದು. ಅದಕ್ಕೆ ಹಣ ಬೇಡ, ಸಂಪುಟದ ತೀರ್ಮಾನ ಬೇಡ. ದಯವಿಟ್ಟು ಅದನ್ನು ಮೊದಲು ಹೊರಡಿಸಿ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಪ್ರತಿ ಗ್ಯಾರೇಜಿಗೂ ಪ್ರತಿ ಠಾಣೆಗೂ ಕಳಿಸಿ. ನನ್ನ ಗ್ಯಾರೇಜಿನ ಗೋಡೆಯಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ದೊಡ್ಡಬಳ್ಳಾಪುರದ ಒಬ್ಬ ದ್ವಿಚಕ್ರ ವಾಹನ ಮೆಕ್ಯಾನಿಕ್